ಸೋಡ, ಕೂಲ್ ಡ್ರಿಂಕ್ಸ್, ಜ್ಯೂಸ್: ನಿಮ್ಮ ಕಡೆ ಗ್ಯಾಸಿನ ಬಾಟಲಿಗೆ ಏನಂತ ಕೇಳುತ್ತೀರಿ?

ಪಡುಬಿದ್ರಿ ಪಯಣಿಗ

ಅಮೆರಿಕದ ಒಂದು ನಕ್ಷೆ ಸಿಕ್ಕಿತು. ಕೋಕ್, ಸ್ಪ್ರೈಟ್, ಫಾಂಟಾ ತರದ ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ ಯಾವ ಊರಿನವರು ಏನು ಹೇಳುತ್ತಾರೆ ಅಂತ ಬಣ್ಣ ಹಚ್ಚಿ ತೋರಿಸಿದ್ದಾರೆ. ನ್ಯೂಯಾರ್ಕ್, ಬಾಸ್ಟನ್, ಕ್ಯಾಲಿಫೋರ್ನಿಯಾ ಕಡೆ ‘ಸೋಡ’. ಶಿಕಾಗೊ, ಡೆಟ್ರಾಯ್ಟ್, ಮಿನೆಸೋಟ ಕಡೆ ‘ಪಾಪ್’. ದಕ್ಷಿಣದಲ್ಲಿ ಜಾರ್ಜಿಯಾ, ಟೆಕ್ಸಾಸ್ ಕಡೆ ಯಾವ ಕಂಪನಿಯದ್ದಾದರೂ ‘ಕೋಕ್’.

ನೋಡಿದ ಕೂಡಲೇ ತಲೆಗೆ ಬಂದದ್ದು ನಮ್ಮ ಕರಾವಳಿ. ತಲಪಾಡಿಯಿಂದ ಬೈಂದೂರಿನವರೆಗೆ ಇಂಥ ನಕ್ಷೆ ಬರೆಯಲು ಕೂತರೆ ಎಷ್ಟು ಬಣ್ಣ ಬೇಕಾದೀತು? ನನಗೆ ಅನಿಸುವುದು, ನಕ್ಷೆಯೇ ಆಗಲಿಕ್ಕಿಲ್ಲ. ಇಲ್ಲಿ ಊರು ಬದಲಾದರೆ ಹೆಸರು ಬದಲಾಗುವುದಿಲ್ಲ. ಜಾಗ ಮತ್ತು ಎದುರಿಗಿರುವ ಮನುಷ್ಯ ಬದಲಾದರೆ ಹೆಸರು ಬದಲಾಗುತ್ತದೆ. ನಾನೇ ಅಂಗಡಿಯಲ್ಲಿ ‘ಕೂಲ್ ಡ್ರಿಂಕ್ಸ್’ ಅನ್ನುತ್ತೇನೆ. ಮನೆಗೆ ನೆಂಟರು ಬಂದರೆ ‘ಜ್ಯೂಸ್ ಕುಡಿಯುತ್ತೀರಾ’ ಅಂತ ಕೇಳಿ ಅದೇ ಬಾಟಲಿ ಬಗ್ಗಿಸುತ್ತೇನೆ. ಯಕ್ಷಗಾನ ಆಟ ನೋಡಲು ಹೋದ ರಾತ್ರಿ ಅದು ‘ಸೋಡ’.

ನೀವೆಲ್ಲ ಏನನ್ನುತ್ತೀರಿ? ಊರಿನ ಹೆಸರೂ ಹಾಕಿ.

ಕೊಡಿಯಾಲದ ಸೊಸೆ

ತವರು ಧಾರವಾಡ, ಈಗ ಕದ್ರಿ. ನಮ್ಮ ಕಡೆ ಸೋಡಾ ಅಂದರೆ ಗೋಲಿ ಸೋಡಾ, ಅಷ್ಟೇ. ಇಲ್ಲಿ ಹೊಸದಾಗಿ ಬಂದಾಗ ಅಂಗಡಿಯವರು ‘ಸೋಡ ಎಂತದ್ದು?’ ಅಂತ ತಿರುಗಿ ಕೇಳಿದರು. ಲಿಂಬೆ ಹಾಕಿದ್ದಾ, ಶುಂಠಿಯಾ, ಪುನರ್ಪುಳಿಯಾ (ಅಂದರೆ ಕೋಕಂ), ಚಪ್ಪೆಯಾ? ಲಿಂಬೆ ಅಂದರೆ ಮತ್ತೆ ಉಪ್ಪಾ, ಸಕ್ಕರೆಯಾ, ಎರಡೂನಾ? ಒಂದು ಸೋಡ ಕುಡಿಯಲು ಇಷ್ಟು ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಅನಿಸಿತು.

‘ಚಪ್ಪೆ’ ಅಂದರೆ ಸಪ್ಪೆ, ಬರೀ ಗ್ಯಾಸಿನ ನೀರು ಅಂತ ಆಮೇಲೆ ಗೊತ್ತಾಯಿತು. ಈಗ ನಾನೂ ಹಾಗೇ ಕೇಳುತ್ತೇನೆ.

ಹುಬ್ಳಿ ಟು ಸುರತ್ಕಲ್

ಅಕ್ಕಾ, ಸೇಮ್ ಕಥೆ. ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಕೂತರೆ ಇಡೀ ದೇಶದ ನಕ್ಷೆ ಬರೆಯಬಹುದು. ಉತ್ತರದವರು ‘ಕೋಲ್ಡ್ ಡ್ರಿಂಕ್’ ಅನ್ನುತ್ತಾರೆ, ದಕ್ಷಿಣದವರು ‘ಕೂಲ್ ಡ್ರಿಂಕ್ಸ್’. ಒಂದಕ್ಷರದ ವ್ಯತ್ಯಾಸ, ಆದರೆ ಕೇಳಿದ ತಕ್ಷಣ ವಿಂಧ್ಯದ ಆಚೆಯವನಾ ಈಚೆಯವನಾ ಗೊತ್ತಾಗುತ್ತದೆ. ತಮಿಳಿನ ಗೆಳೆಯನ ಅಜ್ಜಿ ‘ಕಲರ್’ ಅನ್ನುತ್ತಾರಂತೆ. ಮನೆಗೆ ಯಾರಾದರೂ ಬಂದರೆ ‘ಕಲರ್ ತರಲಾ?’ ದೆಹಲಿಯವನು ಗೋಲಿ ಸೋಡಕ್ಕೆ ‘ಬಂಟಾ’ ಅನ್ನುತ್ತಾನೆ. ಸೂರತ್‌ನವನಿಗೆ ಎಲ್ಲಕ್ಕಿಂತ ಮೇಲೆ ‘ಸೋಸ್ಯೊ’. 1923ರಿಂದ ಉಂಟು ಅಂತ ದಿನಾ ನೆನಪು ಮಾಡುತ್ತಾನೆ.

ಮಜಾ ಅಂದರೆ ದಕ್ಷಿಣ ಆಫ್ರಿಕಾದಲ್ಲೂ ‘ಕೂಲ್ ಡ್ರಿಂಕ್’ ಅಂತಲೇ ಹೇಳುತ್ತಾರೆ. ನಾವೊಬ್ಬರೇ ಅಲ್ಲ.

ಡೆಟ್ರಾಯ್ಟ್ ಡೈರಿ

ಊರು ಕಾರ್ಕಳ, ಇರುವುದು ಮಿಶಿಗನ್. ಆ ನಕ್ಷೆಯ ‘ಪಾಪ್’ ಬಣ್ಣದ ನಟ್ಟನಡುವೆ ನಮ್ಮ ಮನೆ. ಮಕ್ಕಳು ಪಾಪ್ ಅನ್ನುತ್ತಾರೆ. ನ್ಯೂಜೆರ್ಸಿಯ ಅತ್ತೆ ಮನೆಗೆ ಹೋದರೆ ಅಲ್ಲಿನ ಮಕ್ಕಳು ಇವರನ್ನು ನೋಡಿ ನಗುತ್ತಾರೆ. ಅಲ್ಲಿ ಸೋಡ.

ಸ್ವಲ್ಪ ವಿವರ ಹೇಳುತ್ತೇನೆ. ‘ಪಾಪ್’ ಹೊಸ ಹೆಸರಲ್ಲ. ಇಂಗ್ಲಿಷ್ ಕವಿ ರಾಬರ್ಟ್ ಸೌದಿ 1812ರಲ್ಲೇ ಒಂದು ಪತ್ರದಲ್ಲಿ ಇದನ್ನು ಬರೆದಿದ್ದಾನೆ. ಬಿರಡೆ ತೆಗೆಯುವಾಗ ಟಪ್ ಅಂತ ಸದ್ದು ಬರುತ್ತದಲ್ಲ, ಅದರಿಂದ ಬಂದ ಹೆಸರು ಅಂತ ಅವನದೇ ವಿವರಣೆ. ಈಗಲೂ ಇಂಗ್ಲೆಂಡಿನ ಉತ್ತರದ ಕಡೆ ಪಾಪ್ ಅನ್ನುತ್ತಾರೆ. ಗ್ಲಾಸ್ಗೊದ ಹಳಬರಿಗೆ ಯಾವ ರುಚಿಯದ್ದಾದರೂ ‘ಜಿಂಜರ್’. ಐರ್ಲೆಂಡಿನಲ್ಲಿ ‘ಮಿನರಲ್ಸ್’.

ಅಮೆರಿಕದ ನಕ್ಷೆಯಲ್ಲಿ ನನಗೆ ಇಷ್ಟವಾಗುವುದು ನಡುನಡುವಿನ ದ್ವೀಪಗಳು. ಸುತ್ತಲೂ ಪಾಪ್ ಇರುವ ಜಾಗದಲ್ಲಿ ಸೇಂಟ್ ಲೂಯಿಸ್ ಮತ್ತು ಮಿಲ್ವಾಕಿ ಮಾತ್ರ ಸೋಡ. ಬಾಸ್ಟನ್ನಿನ ಹಿರಿಯರು ಇವೆರಡನ್ನೂ ಬಿಟ್ಟು ‘ಟಾನಿಕ್’ ಅನ್ನುತ್ತಿದ್ದರು. 2000ದ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಬರ್ಟ್ ವಾಕ್ಸ್ ನಡೆಸಿದ ಭಾಷಾ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಸೋಡ ಅಂದಿದ್ದರು. ಪಾಪ್ ಕಾಲು ಭಾಗದಷ್ಟು. ಕೋಕ್ ಸುಮಾರು ಶೇಕಡ 12.

ಅಟ್ಲಾಂಟಾದಲ್ಲಿ ‘ಕೋಕ್ ಕುಡೀತೀಯಾ?’ ‘ಹೂಂ.’ ‘ಯಾವುದು?’ ‘ಸ್ಪ್ರೈಟ್.’ ಹೀಗೆ ಮಾತಾಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಕೋಕಾ ಕೋಲಾ 1886ರಲ್ಲಿ ಹುಟ್ಟಿದ್ದೇ ಆ ಊರಿನಲ್ಲಿ, ಅದಕ್ಕೇ ಇರಬೇಕು. ಆದರೆ ಕಂಪನಿಗೆ ಮೊದಮೊದಲು ‘ಕೋಕ್’ ಅನ್ನುವ ಅಡ್ಡಹೆಸರು ಹಿಡಿಸಿರಲಿಲ್ಲ. ಪೂರ್ತಿ ಹೆಸರು ಹೇಳಿ ಕೇಳಿ ಅಂತ ಜಾಹೀರಾತು ಕೊಡುತ್ತಿತ್ತು. ‘ಕೋಕ್’ ಅನ್ನುವ ಅದೇ ಉಚ್ಚಾರಕ್ಕೆ ಬೇರೆ ಸ್ಪೆಲ್ಲಿಂಗ್ ಇಟ್ಟುಕೊಂಡ ಇನ್ನೊಂದು ಕಂಪನಿಯ ಮೇಲೆ ಹಾಕಿದ ಕೇಸು 1920ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಕೋಕಾ ಕೋಲಾನೇ ಗೆದ್ದಿತು. ‘ಕೋಕ್’ ಅನ್ನು ತನ್ನದೇ ಟ್ರೇಡ್‌ಮಾರ್ಕ್ ಮಾಡಿಕೊಂಡದ್ದು 1945ರಲ್ಲಿ.

ಪಡುಬಿದ್ರಿ ಪಯಣಿಗ

ಅಂದರೆ ಅಲ್ಲಿನ ‘ಸೋಡ’ ಬೇರೆ, ನಮ್ಮ ‘ಸೋಡ’ ಬೇರೆ. ಅವರ ಸೋಡ ಅಂದರೆ ಸಿಹಿ ಪಾನೀಯ. ನಮ್ಮ ಸೋಡದಲ್ಲಿ ಗ್ಯಾಸ್ ಮಾತ್ರ, ಉಳಿದದ್ದನ್ನು ಅಂಗಡಿಯವರು ಎದುರಿಗೇ ಹಾಕಬೇಕು. ಅಮೆರಿಕದಿಂದ ಬಂದವರು ಮಲ್ಪೆ ಬೀಚಿನಲ್ಲಿ ಸೋಡ ಕೇಳಿ, ಮೊದಲ ಗುಟುಕಿಗೇ ಮುಖ ಕಿವುಚುವುದು ಗ್ಯಾರಂಟಿ.

ಹಂಪನಕಟ್ಟೆ ಹಳಬ

ಇನ್ನೊಂದು ಸೂಕ್ಷ್ಮ ಉಂಟು. ಸಂಜೆ ಏಳರ ಮೇಲೆ ಗಂಡಸೊಬ್ಬ ಅಂಗಡಿಗೆ ಬಂದು ‘ಎರಡು ಸೋಡ’ ಅಂತ ತಣ್ಣಗೆ ಕೇಳಿದರೆ ಅಂಗಡಿಯವನು ಲಿಂಬೆ ಕೊಯ್ಯುವುದಿಲ್ಲ. ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಹಗಲಿನ ಸೋಡ ಬೇರೆ, ರಾತ್ರಿಯ ಸೋಡ ಬೇರೆ. ಸಾಫ್ಟ್ ಡ್ರಿಂಕ್ ಅನ್ನುವ ಹೆಸರೂ ಹಾಟ್ ಡ್ರಿಂಕ್ಸಿಗೆ ಎದುರಾಗಿ ಹುಟ್ಟಿದ್ದಲ್ಲ, ಹಾರ್ಡ್ ಡ್ರಿಂಕ್ಸಿಗೆ ಎದುರಾಗಿ ಹುಟ್ಟಿದ್ದು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ.

ಕೋಕ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 1977ರಲ್ಲಿ ಕೋಕಾ ಕೋಲಾವನ್ನು ದೇಶ ಬಿಡಿಸಿದ್ದು ನಮ್ಮ ಮಂಗಳೂರಿನವರೇ, ಜಾರ್ಜ್ ಫರ್ನಾಂಡಿಸ್. ಆಗ ಜನತಾ ಸರಕಾರದ ಕೈಗಾರಿಕಾ ಮಂತ್ರಿ. ನಾವು ಹೈಸ್ಕೂಲು. ಆ ಬಾಟಲಿ ಅಂಗಡಿಗಳಿಂದ ಮಾಯವಾಯಿತು. ಅದೇ ವರ್ಷ ಪಾರ್ಲೆಯವರ ಥಮ್ಸ್ ಅಪ್ ಬಂತು. ಸರಕಾರವೇ ‘77’ ಅಂತ ಒಂದು ಕೋಲಾ ಬಿಟ್ಟಿತು, ಡಬಲ್ ಸೆವೆನ್ ಅನ್ನುತ್ತಿದ್ದರು. ಮಾಡರ್ನ್ ಬ್ರೆಡ್ ಮಾಡುತ್ತಿದ್ದ ಸರಕಾರಿ ಕಂಪನಿಯೇ ಅದನ್ನೂ ಮಾಡಿದ್ದು. ಹೆಚ್ಚು ಕಾಲ ಬಾಳಲಿಲ್ಲ. ಬ್ರೆಡ್ಡಿನವರು ಬ್ರೆಡ್ಡೇ ಮಾಡಬೇಕಿತ್ತು.

ನಮ್ಮ ಕಾಲದಲ್ಲಿ ಗೆಳೆಯರೊಳಗೆ ‘ಕೂಲ್ ಡ್ರಿಂಕ್ಸ್’ ಅಂತ ಯಾರೂ ಹೇಳುತ್ತಿರಲಿಲ್ಲ. ‘ಗೋಲ್ಡ್ ಸ್ಪಾಟ್’ ಅನ್ನುತ್ತಿದ್ದೆವು. ಕಿತ್ತಳೆ ಬಣ್ಣದ್ದು ಏನಿದ್ದರೂ ಗೋಲ್ಡ್ ಸ್ಪಾಟ್. ಲೋಕಲ್ ಕಂಪನಿಯದ್ದು ಕೊಟ್ಟರೂ ಜಗಳ ಮಾಡುತ್ತಿರಲಿಲ್ಲ. ಹುಡುಗಿ ನೋಡಲು ಹೋದ ಮನೆಯಲ್ಲಿ ಗೋಲ್ಡ್ ಸ್ಪಾಟ್ ಕೊಟ್ಟರೆ ಅವರು ಸ್ವಲ್ಪ ಅನುಕೂಲಸ್ಥರು ಅಂತ ಲೆಕ್ಕ.

ಬಿಜೈ ಬುಕ್‌ವರ್ಮ್

ಹಳಬರೇ, ಒಂದು ತಿದ್ದುಪಡಿ. ಫರ್ನಾಂಡಿಸ್ ‘ಓಡಿಸಿದರು’ ಅನ್ನುವುದು ಊರಿನ ಅಭಿಮಾನದ ಮಾತು. ಕಾನೂನು ಅವರದ್ದಲ್ಲ. ವಿದೇಶಿ ವಿನಿಮಯ ನಿಯಂತ್ರಣದ ಫೆರಾ ಕಾಯ್ದೆ 1973ರದ್ದು, ಇಂದಿರಾ ಗಾಂಧಿ ಸರಕಾರದ ಕಾಲದ್ದು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇಕಡ 40ಕ್ಕೆ ಇಳಿಸಬೇಕಿತ್ತು. ಫರ್ನಾಂಡಿಸ್ ಅದನ್ನು ಗಟ್ಟಿಯಾಗಿ ಹಿಡಿದರು. ಕೋಕ್‌ಗೆ ತನ್ನ ರಹಸ್ಯದ ಸೂತ್ರ ಬಿಟ್ಟುಕೊಡಲು ಮನಸ್ಸಿರಲಿಲ್ಲ, ಹೊರಟಿತು. 1993ರಲ್ಲಿ ವಾಪಸು ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಪಾರ್ಲೆಯಿಂದ ಕೊಂಡುಕೊಂಡಿತು. ನಿಮ್ಮ ಗೋಲ್ಡ್ ಸ್ಪಾಟ್ ಹೋದದ್ದು ಆಮೇಲೆ.

ನನ್ನ ವಾದ ಏನೆಂದರೆ, ನಮ್ಮಲ್ಲಿ ‘ಕೋಕ್’ ಅನ್ನುವುದು ಎಲ್ಲದಕ್ಕೂ ಹೆಸರಾಗದೇ ಇರಲು ಇದೂ ಒಂದು ಕಾರಣ. ಹದಿನಾರು ವರ್ಷ ಬಾಟಲಿಯೇ ಇಲ್ಲದಿದ್ದರೆ ಹೆಸರು ಬಾಯಲ್ಲಿ ಹೇಗೆ ನಿಲ್ಲಬೇಕು?

ಹಂಪನಕಟ್ಟೆ ಹಳಬ

ಕಾಯ್ದೆ ಯಾರದ್ದಾದರೂ ಇರಲಿ ಮಾರಾಯ್ರೆ, ಜಾರಿ ಮಾಡಿದ ಧೈರ್ಯ ಯಾರದ್ದು? ಅದು ಮಂಗಳೂರಿನದ್ದೇ. ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಹದಿನಾರು ವರ್ಷದ ಮಾತು ಮಾತ್ರ ಸರಿ ಉಂಟು.

ಜುಬೈಲ್ ಬ್ಯಾರಿ

ಬುಕ್‌ವರ್ಮ್ ಹೇಳಿದ್ದಕ್ಕೆ ಸಾಕ್ಷಿ ನಾನು ಕೊಡುತ್ತೇನೆ. ಸೌದಿಯಲ್ಲಿ ಕೋಲಾ ಬೇಕಾದರೆ ‘ಪೆಪ್ಸಿ’ ಅನ್ನುತ್ತಾರೆ. ಅರಬಿಯಲ್ಲಿ ‘ಪ’ ಇಲ್ಲ, ಅದಕ್ಕೆ ‘ಬೆಬ್ಸಿ’. ಕಾರಣ? ಇಸ್ರೇಲಿನಲ್ಲಿ ಬಾಟ್ಲಿಂಗ್ ಶುರು ಮಾಡಲು ಒಪ್ಪಿದ್ದಕ್ಕೆ ಅರಬ್ ಲೀಗ್ ಕೋಕಾ ಕೋಲಾವನ್ನು ಬಹಿಷ್ಕರಿಸಿತು. 1968ರಿಂದ 1991ರವರೆಗೆ. ಅಷ್ಟು ಕಾಲ ಮೈದಾನದಲ್ಲಿ ಪೆಪ್ಸಿ ಒಂದೇ. ಹೆಸರು ನಾಲಿಗೆಯಲ್ಲಿ ಕೂತುಬಿಟ್ಟಿತು. ಈಗ ಕೋಕ್ ಸಿಗುತ್ತದೆ, ಆದರೆ ಹಳಬರು ಕೋಕ್ ಕುಡಿಯುತ್ತಲೇ ಬೆಬ್ಸಿ ಅನ್ನುತ್ತಾರೆ.

ಒಂದು ಕಡೆ ಮಂಗಳೂರಿನ ಮಂತ್ರಿ, ಇನ್ನೊಂದು ಕಡೆ ಅರಬ್ ಲೀಗ್. ಕೋಕ್‌ಗೆ ನಮ್ಮ ಅರಬಿ ಸಮುದ್ರದ ಎರಡೂ ದಡ ಆಗಿಬರಲಿಲ್ಲ.

ನಮ್ಮ ಬ್ಯಾರಿ ಮನೆಗಳಲ್ಲಿ ‘ಸರ್ಬತ್’ ದೊಡ್ಡ ಪದ. ಅದರಲ್ಲಿ ಗ್ಯಾಸ್ ಇರಬಹುದು, ಇಲ್ಲದೆಯೂ ಇರಬಹುದು. ರಂಜಾನಿನ ನೋಂಬು ತಿಂಗಳಲ್ಲಿ ಗಲ್ಫ್‌ನಿಂದ ಬಂದವರ ಚೀಲದಲ್ಲಿ ವಿಮ್ಟೊ ಬಾಟಲಿ ಇದ್ದೇ ಇರುತ್ತದೆ. ಅದು ಅರಬರದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಹುಟ್ಟಿದ್ದು 1908ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ.

ಕೊಡಿಹಬ್ಬದ ಕಬ್ಬು

ಕೋಟೇಶ್ವರದಿಂದ. ನಮಗೆ ಸಣ್ಣದಿರುವಾಗ ಪೆಪ್ಸಿ ಅಂದರೆ ಬಾಟಲಿಯೇ ಅಲ್ಲ. ಉದ್ದದ ಪ್ಲಾಸ್ಟಿಕ್ ಕೊಳವೆಯಲ್ಲಿ ಬಣ್ಣದ ನೀರು ಹಾಕಿ ಐಸ್ ಮಾಡಿದ್ದು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು ಚೀಪುವುದು. ನಿಜವಾದ ಪೆಪ್ಸಿ ನೋಡಿದಾಗ ‘ಇದೂ ಪೆಪ್ಸಿಯಾ?’ ಅಂತ ಕೇಳಿದವರು ನಮ್ಮ ಕ್ಲಾಸಿನಲ್ಲಿ ಬೇಕಾದಷ್ಟು ಜನ ಇದ್ದರು.

ಕೊಡಿಯಾಲದ ಸೊಸೆ

ಅಯ್ಯೋ, ಧಾರವಾಡದಲ್ಲೂ ಅದೇ ಪೆಪ್ಸಿ! ಶಾಲೆ ಬಿಟ್ಟ ಮೇಲೆ ನಾಲಿಗೆ ಕೆಂಪಾ ನೀಲಿನಾ ಅಂತ ಅಮ್ಮ ನೋಡುತ್ತಿದ್ದರು.

ರಥಬೀದಿ ರಾಯರು

ಇಷ್ಟೆಲ್ಲ ಪರದೇಶದ ಹೆಸರು ಏಕೆ? ‘ತಂಪು ಪಾನೀಯ’ ಅಂತ ಒಳ್ಳೆಯ ಕನ್ನಡ ಹೆಸರು ಇದೆಯಲ್ಲ. ಅದನ್ನೇ ಬಳಸೋಣ.

ಪುತ್ತೂರು ಅಡಿಕೆ

ರಾಯರೇ, ತಂಪು ಪಾನೀಯ ಪೇಪರಿನ ಹೆಡ್ಡಿಂಗಿನಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಸಿಗುವುದಿಲ್ಲ. ಅಂಗಡಿಯಲ್ಲಿ ಹಾಗೆ ಕೇಳಿದರೆ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಅದಕ್ಕಿಂತ ದೊಡ್ಡ ತಕರಾರು ನನ್ನ ಅಮ್ಮನದ್ದು. ಕೋಲಾವನ್ನು ತಂಪು ಅನ್ನಲು ಅವರು ಒಪ್ಪುವುದೇ ಇಲ್ಲ. ಫ್ರಿಜ್ಜಿನಲ್ಲಿಟ್ಟರೆ ‘ತಣ್ಣಗೆ’ ಆಗುತ್ತದೆ, ‘ತಂಪು’ ಆಗುವುದಿಲ್ಲ. ತಂಪು ಅಂದರೆ ಸೀಯಾಳ, ಮಜ್ಜಿಗೆ, ಪುನರ್ಪುಳಿ, ಎಳ್ಳಿನ ಜ್ಯೂಸು, ಕಾಮಕಸ್ತೂರಿ ಬೀಜದ ಶರಬತ್ತು. ಬಿಸಿಲಲ್ಲಿಟ್ಟ ಸೀಯಾಳವೂ ತಂಪೇ. ಐಸ್ ಹಾಕಿದ ಕೋಲಾ ಉಷ್ಣವೇ. ಈ ಲೆಕ್ಕ ನಮ್ಮ ಕಡೆ ಎಲ್ಲ ಮನೆಯಲ್ಲೂ ಉಂಟು. ಹಾಗಾಗಿ ತಂಪು ಪಾನೀಯ ಅನ್ನುವುದು ಅಮ್ಮನ ಪ್ರಕಾರ ಸುಳ್ಳು ಹೆಸರು.

ಪಯಣಿಗರ ಪ್ರಶ್ನೆಗೆ: ನಮ್ಮ ಹವ್ಯಕರ ಮನೆಯಲ್ಲಿ ಬಂದವರನ್ನು ಮೊದಲು ಕೇಳುವುದೇ ‘ಆಸರಿಂಗೆ ಎಂತ ಅಕ್ಕು?’ ಅಂತ. ಆಸರು ಅಂದರೆ ಬಾಯಾರಿಕೆ. ನೀರು ಬೆಲ್ಲ ಕೊಟ್ಟರೂ ಆಸರಿಂಗೆ, ಚಹಾ ಕೊಟ್ಟರೂ ಆಸರಿಂಗೆ, ಫ್ರಿಜ್ಜಿನ ಬಾಟಲಿ ಕೊಟ್ಟರೂ ಆಸರಿಂಗೆ. ಒಳಗೆ ಇರುವುದು ಏನು ಅನ್ನುವುದಕ್ಕಿಂತ, ಯಾಕೆ ಕೊಡುತ್ತೇವೆ ಅನ್ನುವುದೇ ಹೆಸರು.

ಮತ್ತೆ ನಮ್ಮೂರಿನ ಹೆಸರೊಂದನ್ನು ಯಾರೂ ಹೇಳಲಿಲ್ಲವಲ್ಲ! ‘ಜೀರಾ’. ಪುತ್ತೂರಿನ ಬಿಂದು ಕಂಪನಿಯ ಜೀರಾ ಸೋಡ ಬಂದ ಮೇಲೆ ಊಟ ಜಾಸ್ತಿಯಾದವರೆಲ್ಲ ‘ಒಂದು ಜೀರಾ ಕೊಡಿ’ ಅನ್ನುತ್ತಾರೆ. ಮದುವೆ ಊಟ ಮುಗಿಸಿ ಹಾಲ್‌ನಿಂದ ಹೊರಗೆ ಬಂದವರು ಸೀದಾ ಹೋಗುವುದು ಎದುರಿನ ಅಂಗಡಿಯ ಜೀರಾಕ್ಕೆ. ಇದು ಅಟ್ಲಾಂಟಾದ ಕೋಕ್ ಕಥೆಯೇ ಅಲ್ವಾ?

ಪಡುಬಿದ್ರಿ ಪಯಣಿಗ

ತುಳುವಿನಲ್ಲೂ ಹಾಗೇ. ‘ಬಾಜೆಲ್‌ಗ್ ದಾದ?’ ಅಂತ ಕೇಳುತ್ತೇವೆ, ಬಾಯಾರಿಕೆಗೆ ಏನು ಅಂತ. ಬಾಟಲಿಯ ಹೆಸರೇ ಬರುವುದಿಲ್ಲ. ಕನ್ನಡ ಮಾತಾಡುವಾಗಲೂ ‘ಬಾಯಾರಿಕೆ ಆಯ್ತಾ?’ ಅಂತ ನಮ್ಮವರು ಕೇಳುವುದು ಬಾಯಾರಿದೆಯಾ ಅಂತ ಅಲ್ಲ, ಕುಡಿದು ಆಯಿತಾ ಅಂತ. ಬೆಂಗಳೂರಿನವರು ಇಲ್ಲಿ ಎಡವುತ್ತಾರೆ.

ನಾನು ಹೇಳಿದ್ದು ಇದನ್ನೇ. ಅಮೆರಿಕದವರ ಹಾಗೆ ಗೆರೆ ಎಳೆಯಲು ನಮ್ಮಲ್ಲಿ ಆಗುವುದಿಲ್ಲ.

ಬಿಜೈ ಬುಕ್‌ವರ್ಮ್

ಒಪ್ಪುವುದಿಲ್ಲ. ನೀವು ಹೇಳುತ್ತಿರುವುದು ಮನೆಯ ಮಾತು. ಆ ನಕ್ಷೆ ಇರುವುದು ಅಂಗಡಿಯ ಮಾತಿಗೆ. ಅಮೆರಿಕದಲ್ಲೂ ಮನೆಗೆ ಬಂದವರನ್ನು ‘ಕುಡಿಯಲು ಏನು ಬೇಕು’ ಅಂತಲೇ ಕೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಈಗ ಒಂದೇ ಹೆಸರು ಗೆದ್ದಿದೆ, ‘ಕೂಲ್ ಡ್ರಿಂಕ್ಸ್’. ಗೆಲ್ಲಿಸಿದ್ದು ಕಂಪನಿಗಳು ಬಿಟ್ಟಿಯಾಗಿ ಕೊಟ್ಟ ಫ್ರಿಜ್ಜು ಮತ್ತು ಅಂಗಡಿಯ ಬೋರ್ಡು. ಬೋರ್ಡಿನ ಎರಡೂ ಕಡೆ ಕೋಕ್ ಅಥವಾ ಪೆಪ್ಸಿ ಚಿತ್ರ, ನಡುವೆ ‘ಗಣೇಶ್ ಪ್ರಸಾದ್ ಕೂಲ್ ಡ್ರಿಂಕ್ಸ್’.

ಹುಬ್ಳಿ ಟು ಸುರತ್ಕಲ್

ಕಂಪನಿಗಳು ಜನರ ಪದವನ್ನು ಕದಿಯಲೂ ನೋಡಿವೆ. ಹಿಂದಿಯಲ್ಲಿ ‘ಠಂಡಾ’ ಅಂದರೆ ಲಸ್ಸಿ, ಶರಬತ್ತು ಯಾವುದೂ ಆಗಬಹುದು. 2000ದ ದಶಕದ ಆರಂಭದಲ್ಲಿ ಆಮೀರ್ ಖಾನ್ ಬಾಯಲ್ಲಿ ‘ಠಂಡಾ ಮತ್‌ಲಬ್ ಕೋಕಾ ಕೋಲಾ’ ಅಂತ ಹೇಳಿಸಿ ಇಡೀ ಪದವನ್ನೇ ತಮ್ಮದು ಮಾಡಲು ಹೊರಟರು. ಹಿಂದೆ ಅಡ್ಡಹೆಸರು ಬೇಡ ಅಂತ ಹಟ ಹಿಡಿದಿದ್ದ ಕಂಪನಿಯೇ ಇದು.

ಕೊಡಿಹಬ್ಬದ ಕಬ್ಬು

ಬುಕ್‌ವರ್ಮ್ ಅವರೇ, ಬೋರ್ಡಿನಲ್ಲಿ ಕೂಲ್ ಡ್ರಿಂಕ್ಸ್ ಅಂತ ಇರುತ್ತದೆ ನಿಜ. ಆದರೆ ಒಳಗೆ ಹೋಗಿ ಯಾರಾದರೂ ‘ಒಂದು ಕೂಲ್ ಡ್ರಿಂಕ್ಸ್ ಕೊಡಿ’ ಅನ್ನುತ್ತಾರಾ? ‘ಸ್ಪ್ರೈಟ್ ಕೊಡಿ’, ‘ಜೀರಾ ಕೊಡಿ’, ‘ಲಿಂಬೆ ಸೋಡ ಕೊಡಿ’ ಅಂತಲೇ ಅನ್ನುವುದು. ಆ ಹೆಸರು ಬೋರ್ಡಿಗೆ ಬೇಕು, ಬಾಯಿಗೆ ಬೇಡ.

ಬಿಜೈ ಬುಕ್‌ವರ್ಮ್

ಹ್ಮ್. ಇದಕ್ಕೆ ಉತ್ತರ ಯೋಚಿಸಬೇಕು.

ಶಿರ್ವದ ಕೆಮಿಸ್ಟ್ರಿ ಮೇಷ್ಟ್ರು

ತಡವಾಗಿ ಬಂದೆ. ಗ್ಯಾಸ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನೀರಿಗೆ ಇಂಗಾಲದ ಡೈಆಕ್ಸೈಡ್ ತುಂಬುವುದನ್ನು 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಕಂಡುಕೊಂಡ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅವನ ಮನೆಯ ಪಕ್ಕ ಬಿಯರ್ ಕಾರ್ಖಾನೆ ಇತ್ತು. ಹುದುಗುವ ತೊಟ್ಟಿಯ ಮೇಲೆ ನಿಂತಿರುತ್ತಿದ್ದ ಗಾಳಿಯನ್ನು ನೀರಿಗೆ ಸೇರಿಸಿ ನೋಡಿದ. ಹಾರ್ಡ್ ಡ್ರಿಂಕ್ಸಿನ ಮನೆಯಲ್ಲೇ ಸಾಫ್ಟ್ ಡ್ರಿಂಕ್ಸ್ ಹುಟ್ಟಿದ್ದು. ಹಳಬರ ರಾತ್ರಿಯ ಸೋಡಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಸಿಗಲಿಕ್ಕಿಲ್ಲ. ‘ಸೋಡ’ ಅನ್ನುವ ಹೆಸರು ಬಂದದ್ದು ಆಗಿನ ಕಾಲದಲ್ಲಿ ಆ ನೀರಿಗೆ ಬೆರೆಸುತ್ತಿದ್ದ ಸೋಡಿಯಂ ಲವಣದಿಂದ. ಈಗ ಅದು ಇಲ್ಲದಿದ್ದರೂ ಹೆಸರು ಉಳಿದಿದೆ.

ಗೋಲಿ ಬಾಟಲಿ 1872ರದ್ದು, ಹೈರಮ್ ಕಾಡ್ ಅನ್ನುವ ಇಂಗ್ಲಿಷಿನವನ ಪೇಟೆಂಟ್. ಅದರ ಬುದ್ಧಿವಂತಿಕೆ ನನಗೆ ಯಾವಾಗಲೂ ಖುಷಿ. ಬಾಟಲಿಯನ್ನು ತಲೆಕೆಳಗೆ ಹಿಡಿದು ತುಂಬುತ್ತಾರೆ. ಗೋಲಿ ಬಾಯಿಗೆ ಬಂದು ಕೂರುತ್ತದೆ. ನೇರ ಮಾಡಿದ ಮೇಲೂ ಅದು ಬೀಳುವುದಿಲ್ಲ. ಒಳಗಿನ ಗ್ಯಾಸೇ ಅದನ್ನು ರಬ್ಬರ್ ಬಳೆಗೆ ಒತ್ತಿ ಹಿಡಿದಿರುತ್ತದೆ. ಬೇರೆ ಬಿರಡೆಯೇ ಬೇಡ. ಹೆಬ್ಬೆರಳಿನಿಂದ ಒತ್ತಿದರೆ ಒತ್ತಡ ಹೊರಗೆ ಹೋಗಿ ಗೋಲಿ ಕೆಳಗೆ ಜಾರುತ್ತದೆ. ಕುತ್ತಿಗೆಯ ಹತ್ತಿರ ಚಿವುಟಿದಂಥ ತಗ್ಗು ಇರುವುದು ಸುಮ್ನೆ ಅಂದಕ್ಕಲ್ಲ. ಕುಡಿಯುವಾಗ ಗೋಲಿ ಅಲ್ಲಿ ಸಿಕ್ಕಿಕೊಳ್ಳಬೇಕು, ಬಾಯಿಗೆ ಅಡ್ಡ ಬರಬಾರದು. ಜಪಾನಿನವರ ‘ರಾಮುನೆ’ ಇಂದಿಗೂ ಇದೇ ಬಾಟಲಿಯಲ್ಲಿ ಬರುತ್ತದೆ.

ಹಂಪನಕಟ್ಟೆ ಹಳಬ

ಆ ಗೋಲಿಗಾಗಿ ಬಾಟಲಿ ಒಡೆದು ಪೆಟ್ಟು ತಿಂದವರ ಪಟ್ಟಿ ಮಾಡಿದರೆ ನಮ್ಮ ಇಡೀ ಓಣಿ ಬರುತ್ತದೆ.

ಜುಬೈಲ್ ಬ್ಯಾರಿ

ಮೇಷ್ಟ್ರೇ, ಆ ಗೋಲಿ ಈಗ ಗಲ್ಫ್‌ಗೂ ಬಂದಿದೆ. 2025ರಲ್ಲಿ ಕೇಂದ್ರ ವಾಣಿಜ್ಯ ಇಲಾಖೆಯವರೇ ಪ್ರಚಾರ ಮಾಡಿದ್ದರು. ಇಟ್ಟ ಹೆಸರು ನೋಡಿ, ‘ಗೋಲಿ ಪಾಪ್ ಸೋಡ’!

ಡೆಟ್ರಾಯ್ಟ್ ಡೈರಿ

ಪಾಪ್, ಸೋಡ ಎರಡೂ ಒಂದೇ ಬಾಟಲಿಯಲ್ಲಾ? ಹಾಗಾದರೆ ನಮ್ಮ ಮಕ್ಕಳೂ ಅತ್ತೆ ಮಕ್ಕಳೂ ಜಗಳವಿಲ್ಲದೆ ಕುಡಿಯಬಹುದು.

ರಥಬೀದಿ ರಾಯರು

ಪಾನಕ ಅನ್ನಿ ಅಂತ ಹೇಳೋಣ ಅಂತಿದ್ದೆ. ರಾಮನವಮಿಗೆ ಬೆಲ್ಲ, ಏಲಕ್ಕಿ, ಕಾಳುಮೆಣಸು ಹಾಕಿ ಮಾಡಿದ್ದನ್ನು ನೆನೆದು ಬೇಡ ಅನಿಸಿತು. ಆ ಹೆಸರನ್ನು ಕೋಲಾಕ್ಕೆ ಕೊಡಲು ಮನಸ್ಸು ಬರುವುದಿಲ್ಲ. ನೀವು ಕೂಲ್ ಡ್ರಿಂಕ್ಸ್ ಅಂತಲೇ ಇಟ್ಟುಕೊಳ್ಳಿ.

ಪಡುಬಿದ್ರಿ ಪಯಣಿಗ

ಕಾಸರಗೋಡಿನವರು ಯಾರಾದರೂ ಇದ್ದೀರಾ? ತಲಪಾಡಿ ದಾಟಿದ ಮೇಲೆ ಹೆಸರು ಬದಲಾಗುತ್ತದಾ?

ಮಂಜೇಶ್ವರದ ಮಲ್ಲಿಗೆ

ಇದ್ದೇನೆ. ಬಾಟಲಿಯ ಹೆಸರು ಅದೇ, ಮಲಯಾಳ ಮಾತಾಡುವ ಅಂಗಡಿಯಲ್ಲಿ ‘ಸೋಡ ಸರ್ಬತ್’ ಕೇಳಿದರೆ ಮಾತ್ರ ನನ್ನಾರಿ ಬೇರಿನ ಪಾಕ ಹಾಕಿ ಲಿಂಬೆ ಹಿಂಡಿ ಮೇಲಿಂದ ಸೋಡ ಸುರಿದು ಕೊಡುತ್ತಾರೆ. ನನ್ನಾರಿ ಅಂದರೆ ನಮ್ಮ ನಾಮದ ಬೇರು. ಅದು ತಂಪು, ಅಡಿಕೆಯವರ ಅಮ್ಮನೂ ಒಪ್ಪುತ್ತಾರೆ.